ಸೀಟಿ ಮರೆತ ಪಿಶಾಚಿ

ಹಲ್ಲಣ್ಣ ಅಂದ್ರೆ ಹಲ್ಲು ಕೀಳೋನಲ್ಲ, ಹಲ್ಲು ಕಟ್ಟೋನು. ಕೀಳೋರು ಡಾಕ್ಟ್ರು. ಅವರಿಗೆ ಬಿಳೀ ಕೋಟು, ಮುಂದಿನ ರೂಮು, ತಣ್ಣನೆ ಗಾಳಿ. ಹಿಂದಿನ ರೂಮಲ್ಲಿ ಒಂದು ಕಿಟಕಿ, ಒಂದು ಸಾಣೆ ಚಕ್ರ, ಗೋಡೆ ತುಂಬ ಹಲಗೆ, ಹಲಗೆ ತುಂಬ ಪ್ಲಾಸ್ಟರ್ ದವಡೆ. ಅಲ್ಲಿ ಕೂತ್ಕೊಂಡು ಊರೋರ ಬಾಯಿಗೆಲ್ಲ ಹಲ್ಸೆಟ್ಟು ಮಾಡೋನು ನಮ್ಮ ಹಲ್ಲಣ್ಣ. ಮಧ್ಯಾಹ್ನ ಆ ಕಿಟಕಿಯಿಂದ ಬಿಸಿಲು ಬಿದ್ರೆ ಪ್ಲಾಸ್ಟರ್ ಧೂಳೆಲ್ಲ ಎದ್ದು ನಿಂತ್ಕೊಂಡು, ರೂಮು ಹಾಲಲ್ಲಿ ಮುಳುಗಿದ ಹಾಗೆ ಕಾಣೋದು. ಚಕ್ರ ಜುಂಯ್ ಅನ್ನೋದು, ಕಣ್ಣು ಎಳೆಯೋದು, ಎಚ್ಚರಾನೋ ನಿದ್ದೇನೋ ಅವನಿಗೇ ಗೊತ್ತಾಗ್ತಿರ್ಲಿಲ್ಲ. ಕೈ ಮಾತ್ರ ತನ್ನ ಪಾಡಿಗೆ ತಾನು ಹಲ್ಲು ತಿದ್ತಾ ಇರೋದು.

ಇಂಥೋನು ರಕ್ತಪಿಶಾಚಿ ಆಗಿದ್ದು ಹೇಗೆ ಅಂತೀರಾ? ಭಾಮೈದನ ದೆಸೆಯಿಂದ. ಹೆಂಡತಿ ತಮ್ಮ ಅಂದ್ರೆ ಕೇಳ್ಬೇಕಾ, ಕೊರಳಿಗೆ ಕಟ್ಟಿದ ಗಂಟೆ. ಪಾಸ್‌ಪೋರ್ಟ್ ಫೋಟೋ ತೆಗೆಯೋ ಸ್ಟುಡಿಯೋ ಇಟ್ಕೊಂಡಿದ್ದ. ದಿನಾ ಜನಕ್ಕೆ "ನಗಬೇಡಿ, ನಗಬೇಡಿ" ಅಂತ ಹೇಳಿ ಹೇಳಿ ಸಾಕಾಗಿ, ಒಂದಿನ ಜನ ನಗೋ ಹಾಗೆ ಒಂದು ಸಿನಿಮಾ ಮಾಡ್ತೀನಿ ಅಂತ ಹೊರಟ. ದೆವ್ವದ ಸಿನಿಮಾ, ಆದ್ರೆ ತಮಾಷೇದು. ಹೆಸರು 'ಸ್ವಲ್ಪ ರಕ್ತ ಸಿಗತ್ತಾ?' ದುಡ್ಡು ಹಾಕಿದ್ದು ಹಾಸಿಗೆ ಅಂಗಡಿ ಸಾಹುಕಾರ, ಅದೂ ಒಂದು ಷರತ್ತಿನ ಮೇಲೆ. ಪಿಶಾಚಿ ಯಾರ ರಕ್ತ ಕುಡಿದ್ರೂ ಅವ್ರು ಸಾಹುಕಾರನ ಅಂಗಡಿ ಹಾಸಿಗೆ ಮೇಲೇನೇ ಬೀಳಬೇಕು, ಹಾಸಿಗೆ ಬ್ರಾಂಡು ಕಾಣಬೇಕು.

ಶವಪೆಟ್ಟಿಗೆಗೆ ಗತಿ ಇಲ್ಲದೆ ಹಳೇ ಬಟ್ಟೆ ಬೀರುವನ್ನ ಅಂಗಾತ ಮಲಗಿಸಿದ್ರು. ಪಿಶಾಚಿ ಪಾತ್ರಕ್ಕೆ ಅಂತ ಕರೆಸಿದ್ದ ನಟ ಆ ಬೀರುವಲ್ಲಿ ಒಂದ್ಸಲ ಮಲಗಿ, ಜಿರಲೆ ನೋಡಿ ಎದ್ದೋನು ತಿರುಗಿ ನೋಡ್ಲಿಲ್ಲ. ಭಾಮೈದ ಬೆಳಿಗ್ಗೇನೇ ಹಿಂದಿನ ರೂಮಿಗೆ ಓಡಿ ಬಂದ.

"ಭಾವಾ, ಕೋರೆ ಹಲ್ಲು ಬೇಕು."

"ಯಾರ ಬಾಯಿಗೆ?"

"ನಿಮ್ಮ ಬಾಯಿಗೆ. ನಿಮ್ಮ ಮುಖ ಒಂಥರಾ ಪೆಟ್ಟಿಗೆಯಿಂದ ಎದ್ದು ಬಂದ ಹಾಗೇ ಇದೆ, ಮೇಕಪ್ ಖರ್ಚು ಉಳಿಯತ್ತೆ."

ಅಚ್ಚು ತೆಗೆಯೋಕೆ ಪುರುಸೊತ್ತಿಲ್ಲ, ಹೊರಗೆ ಬಾಡಿಗೆ ವ್ಯಾನು ಹಾರ್ನ್ ಹೊಡೀತಾ ಇದೆ. ಹಲ್ಲಣ್ಣ ಪುಡಿ, ನೀರು ಕಲಸಿ, ಕನ್ನಡಿ ಮುಂದೆ ನಿಂತು, ಸೀದಾ ಬಾಯಿಗೆ ಮೆತ್ಕೊಂಡು ಎರಡು ಕೋರೆ ಎಳೆದ. ಸಂದಿ ಬಿಟ್ಟಿತು. ಆ ಸಂದಿಯಿಂದ 'ಸ' ಅಂದಾಗೆಲ್ಲ ಸುಯ್ ಅಂತ ಸೀಟಿ! ಕ್ಯಾಮೆರಾ ಮುಂದೆ ಕರ್ಟನ್ ಬಟ್ಟೆ ಗೌನು ಹಾಕ್ಕೊಂಡು, ಎರಡೂ ಕೈ ಮೇಲೆತ್ತಿ, ಗಂಭೀರವಾಗಿ "ಸ್ವಲ್ಪ ರಕ್ತ ಸಿಗತ್ತಾ?" ಅಂದ. ಸುಯ್, ಸುಯ್. ಬೀದಿ ನಾಯಿಗಳೆಲ್ಲ ಬಾಲ ಅಲ್ಲಾಡಿಸ್ಕೊಂಡು ಫ್ರೇಮಿಗೆ ಬಂದ್ವು. ಸರಿಯಾಗಿ ಹೇಳೋಣ ಅಂತ ಇನ್ನೂ ಬಿಗಿಹಿಡಿದ, ಇನ್ನೂ ಜೋರಾಗಿ ಸೀಟಿ ಹೊಡೀತು. ಭಾಮೈದ ಕಟ್ ಅನ್ನಲೇ ಇಲ್ಲ.

ಆ ಸಿನಿಮಾನ ಜನ ಮೊಬೈಲಲ್ಲಿ ನೋಡಿದ್ರು ನೋಡಿದ್ರು, ಕಣ್ಣು ಕೆಂಪಾಗೋ ಹಾಗೆ ನೋಡಿದ್ರು. ಹಲ್ಲಣ್ಣನಿಗೆ ಸೀಟಿ ಪಿಶಾಚಿ ಅಂತ ಹೆಸರೇ ಬಿತ್ತು. ಊರೋರೆಲ್ಲ ಅವನು ಮಾಡಿದ ಹಲ್ಲಲ್ಲಿ ನಗ್ತಿದ್ರು, ಅವನ ಮುಖ ಮಾತ್ರ ಯಾರೂ ನೋಡಿರ್ಲಿಲ್ಲ. ಈಗ ಬಸ್ಸಲ್ಲಿ ಹೋದ್ರೆ ಯಾರೋ ಹಿಂದಿನ ಸೀಟಿಂದ ಮೆತ್ತಗೆ ಸುಯ್ ಅನ್ನೋರು. ಹಲ್ಲಣ್ಣ ತಲೆ ತಗ್ಗಿಸೋನು. ನಾಚಿಕೆ ಒಂದು ಕಡೆ, ಒಳಗೊಳಗೇ ಬೆಚ್ಚಗಾಗೋದು ಇನ್ನೊಂದು ಕಡೆ. ಶೂಟಿಂಗಲ್ಲಿ ಅವನು ಆ ಗೌನು ಹಾಕ್ಕೊಂಡು ನಿಂತು, ಭಾಮೈದ ಲೆನ್ಸಿಗೆ ನೀಲಿ ಗಾಜು ಅಡ್ಡ ಇಟ್ಟು ಮಟಮಟ ಮಧ್ಯಾಹ್ನಾನ ಬೆಳದಿಂಗಳು ಮಾಡಿದಾಗ, ಅವನಿಗೆ ಏನೋ ಆಗೋದು. ಕಾಲು ನೆಲಕ್ಕೆ ತಾಗಲ್ಲ. ಕೈ ತನ್ನದಲ್ಲ. ಬೀದಿ, ಮನೆ, ಒಣಗಿಹಾಕಿದ ಬಟ್ಟೆ ಎಲ್ಲ ನೀರೊಳಗಿಂದ ನೋಡಿದ ಹಾಗೆ ತೂಗಾಡೋದು. ಆ ಹೊತ್ತಲ್ಲಿ ಅವನು ಹಿಂದಿನ ರೂಮಿನೋನಲ್ಲ.

ಎಲ್ಲಾ ಸರಿ, ಆ ಸೀಟಿ ಮಾತ್ರ ಅವನಿಗೆ ಮುಳ್ಳಾಗಿತ್ತು. ಹಲ್ಲು ಕಟ್ಟೋನ ಬಾಯಲ್ಲೇ ಹಲ್ಲು ಸಡಿಲ ಅಂದ್ರೆ ಏನು ಮರ್ಯಾದೆ? ಯಾರಿಗೇ ಸೆಟ್ಟು ಕೊಡೋ ಮುಂಚೆ ಅವನು "ಸೊಸೆ ಸಾಸಿವೆ ಸೋಸಿದಳು" ಅಂತ ಹೇಳಿಸ್ತಿದ್ದ. ಉಸಿರು ಸೋರಿದ್ರೆ ಸೆಟ್ಟು ವಾಪಸ್ಸು. ಭಾಮೈದ ಎರಡನೇ ಭಾಗ ಅಂದ ತಕ್ಷಣ ಹಲ್ಲಣ್ಣ ಟೊಂಕ ಕಟ್ಟಿ ನಿಂತ. ಅಚ್ಚು ತೆಗೆದ, ಮೇಣ ಕೆತ್ತಿದ, ಸಾಣೆ ಹಿಡಿದ. ಅಂಥ ಕೋರೆ ಹಲ್ಲು ಯಾವ ಪಿಶಾಚಿ ಬಾಯಲ್ಲೂ ಇರ್ಲಿಲ್ಲ, ಮುಂದೆ ಇರೋದೂ ಇಲ್ಲ. ಹಾಕ್ಕೊಂಡು ಸೊಸೆ ಸಾಸಿವೆ ಹೇಳಿದ. ಗಂಟೆ ಬಾರಿಸಿದ ಹಾಗೆ ಬಂತು. ಹಳೇದನ್ನ ಸಾಣೆಗೆ ಕೊಟ್ಟು ಪುಡಿ ಮಾಡಿ ಕಸಕ್ಕೆ ಹಾಕಿದ. ಪೀಡೆ ತೊಲಗಿತು ಅಂದ್ಕೊಂಡ.

ಎರಡನೇ ಭಾಗ ಬಂತು. ಹೆಸರು 'ಇನ್ನೂ ಸ್ವಲ್ಪ ರಕ್ತ ಸಿಗತ್ತಾ?' ಅದರ ಕೆಳಗೆ ಜನರ ಅಭಿಪ್ರಾಯಗಳೂ ಬಂದ್ವು, ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ.

ಹಲ್ಲಣ್ಣನಿಗೆ ಅದನ್ನ ಓದೋ ಧೈರ್ಯ ಇಲ್ಲ. ಓದಿದ್ದು ಹೆಂಡತಿ. ಅವಳು ಮನೇಲಿ ಕರ್ಟನ್ ಹೊಲೀತಿದ್ಲು, ಪಿಶಾಚಿ ಗೌನೂ ಅವಳದೇ ಕೈ. ಮಧ್ಯಾಹ್ನ ಊಟದ ಡಬ್ಬಿ ತಂದು, ಅವನ ಸ್ಟೂಲ್ ಪಕ್ಕ ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಮೊಬೈಲು ದೂರ ಹಿಡಿದು ಶುರು ಮಾಡಿದ್ಲು.

"ಕೇಳಿ. 'ಮೊದಲನೇ ಭಾಗ ನೋಡಿ ಹೊಟ್ಟೆ ಹಿಡ್ಕೊಂಡೆ. ಎರಡನೇದು ನೋಡಿ ತಲೆ ಹಿಡ್ಕೊಂಡೆ.'"

"ಮುಂದೆ."

"'ಬಾವಲಿಗೆ ಕಟ್ಟಿದ ದಾರ ಕಾಣ್ತಿತ್ತು. ಬಾವಲಿಗಿಂತ ದಾರಾನೇ ಚೆನ್ನಾಗಿ ಅಭಿನಯಿಸಿದೆ.'"

"ಅದು ನಿನ್ನ ತಮ್ಮಂಗೆ ಹೇಳಿದ್ದು. ನಂದು ಹೇಳು."

"'ನಮ್ಮಜ್ಜಿ ಒಬ್ರೇ ಹೆದರಿದ್ದು. ಆಮೇಲೆ ನೋಡಿದ್ರೆ ಕನ್ನಡಕ ಹಾಕಿರ್ಲಿಲ್ಲ.' ಇನ್ನೊಂದು, 'ಪಿಶಾಚಿ ವಾರ್ತೆ ಓದೋರ ತರ ಮಾತಾಡ್ತಾನೆ. ರಕ್ತ ಕೇಳ್ತಿದಾನೋ ಹವಾಮಾನ ಹೇಳ್ತಿದಾನೋ?' ಇನ್ನೊಂದು, 'ಸೀಟಿ ಎಲ್ಲಿ?' ಇನ್ನೊಂದು, 'ನಮ್ಮ ಸೀಟಿ ನಮಗೆ ವಾಪಸ್ ಕೊಡಿ.' ಇವನ್ಯಾರೋ ಬರೀ 'ಸುಯ್ ಸುಯ್' ಅಂತ ಬರೆದು ಅಳೋ ಮುಖ ಹಾಕಿದಾನೆ. ಆಹಾ, ಇಲ್ಲಿ ನೋಡಿ ಒಳ್ಳೇದು ಒಂದಿದೆ. 'ಗೌನಿನ ಬಟ್ಟೆ ಬಹಳ ಚಂದ, ಎಲ್ಲಿ ಸಿಗತ್ತೆ?'" ಅವಳ ಮುಖ ಅರಳಿತು. "ನೋಡಿದ್ರಾ, ತಿಳಿದೋರೂ ಇದಾರೆ ಲೋಕದಲ್ಲಿ."

"ನೀನೇನಂತೀಯ?"

"ಯಾವುದರ ಬಗ್ಗೆ?"

"ಸಿನಿಮಾ ಬಗ್ಗೆ. ನನ್ನ ಬಗ್ಗೆ."

"ನಾನು ದಿನಾ ನೋಡೋದೇ ಅಲ್ವಾ. ಹೊಸದಾಗಿ ಏನು ಹೇಳ್ಲಿ, ಊಟ ಮಾಡಿ," ಅಂದು ಡಬ್ಬಿ ಮುಚ್ಚಳ ತೆಗೆದ್ಲು.

ಅವಳು ಹೋದ ಮೇಲೆ ಹಲ್ಲಣ್ಣ ಬೆಂಚಿಗೆ ತಲೆ ಆನಿಸಿದ. ಬಿಸಿಲು ಹಲಗೆ ಮೇಲೆ ಹತ್ತುತ್ತಾ ಇತ್ತು. ದವಡೆಗಳು ಸಾಲಾಗಿ ಕೂತಿದ್ವು, ಥಿಯೇಟರಲ್ಲಿ ಜನ ಕೂತ ಹಾಗೆ. ನೋಡ್ತಾ ನೋಡ್ತಾ ಮೇಲಿನ ಹಲಗೆಯಿಂದ, ಮುಂದಲ ಹಲ್ಲಿಲ್ಲದ ದವಡೆ ಒಂದು ಬಾಯಿ ತೆಗೀತು. "ತಲೆ ಹಿಡ್ಕೊಂಡೆ," ಅಂತು. ಪಕ್ಕದ ಉಬ್ಬುಹಲ್ಲಿನದು, "ದಾರಾನೇ ವಾಸಿ," ಅಂತು. ಕೆಳಗಿನ ಮೂಲೇಲಿ ಒಂದು ಪುಟಾಣಿ ದವಡೆ, ಹಾಲುಹಲ್ಲಿನದು, ಕಿಲಕಿಲ ಅಂತ ನಕ್ಕು, "ಸೀಟಿ ಹೊಡಿ, ಸೀಟಿ ಹೊಡಿ," ಅಂತ ಹಟ ಮಾಡ್ತು. ಆಮೇಲೆ ಎಲ್ಲ ಒಟ್ಟಿಗೆ ಕಟಕಟ ಕಟಕಟ ಅಂತ ಚಪ್ಪಾಳೆ ಹೊಡೆದ ಹಾಗೆ. ಬೈತಿದಾವೋ ಕರೀತಿದಾವೋ ಗೊತ್ತಾಗ್ಲಿಲ್ಲ. ಅವನೂ ಏನೋ ಹೇಳೋಕೆ ಬಾಯಿ ತೆಗೆದ. ತೆಗೆದ್ರೆ ಬರೀ ಬಿಳೀ ಧೂಳು, ಮೆತ್ತಗೆ, ಹೊಗೆ ಹಾಗೆ ಹೊರಗೆ ಹೋಯ್ತು.

"ಭಾವಾ! ಏಳಿ ಭಾವಾ! ಮನೆ ಮುಳುಗೋಯ್ತು!"

ಎದ್ದು ನೋಡಿದ್ರೆ ಬಾಗಿಲಲ್ಲಿ ಭಾಮೈದ. ಮುಖ ಸುಟ್ಟ ಬದನೆಕಾಯಿ ಆಗಿತ್ತು. ವಿಷಯ ಏನಂದ್ರೆ, ಸಾಹುಕಾರನೂ ಅಭಿಪ್ರಾಯ ಓದಿದಾನೆ. ಮೂರನೇ ಭಾಗಕ್ಕೆ ದುಡ್ಡು ಹಾಕ್ತಾನಂತೆ, ಆದ್ರೆ ಪಿಶಾಚಿ ಬದಲಾಗಬೇಕಂತೆ.

"ಯಾರನ್ನ ಹಾಕ್ತಾನೆ?"

"ಅವನ ಅಳಿಯನ್ನ. ಎದೆ ನೋಡಿದೀರಲ್ಲ, ಎರಡು ದಿಂಬು ಕಟ್ಟಿದ ಹಾಗಿದೆ."

"ಅವನಾ? ಯಾವಾಗ ನೋಡಿದ್ರೂ ಕನ್ನಡಿ ಮುಂದೆ ಇರ್ತಾನಲ್ಲೋ. ಇಂಗ್ಲಿಷ್ ಸಿನಿಮಾದಲ್ಲೆಲ್ಲ ಪಿಶಾಚಿ ಕನ್ನಡೀಲಿ ಕಾಣೋದೇ ಇಲ್ಲ!"

"ಅದನ್ನೂ ಹೇಳ್ದೆ ಭಾವಾ. ಕತೆ ಬದಲಾಯಿಸು ಅಂದ. ಕಾಲು ಹಿಡಿದು ಬೇಡ್ಕೊಂಡು ಒಂದು ಅವಕಾಶ ಇಸ್ಕೊಂಡು ಬಂದಿದೀನಿ. ಭಾನುವಾರ ಅಂಗಡಿ ಅರ್ಧ ಷಟರ್ ಹಾಕಿ ಟೆಸ್ಟ್ ಇಡ್ತಾನೆ. ನೀವು ಹಳೇ ಹಲ್ಲು ಹಾಕ್ಕೊಂಡು ಒಂದೇ ಒಂದು ಸಲ ಸೀಟಿ ಹೊಡೀರಿ. ಅವರೆಲ್ಲ ನಕ್ರೆ ನೀವು. ಇಲ್ಲಾಂದ್ರೆ ಅಳಿಯ. ಎಲ್ಲಿ ಹಳೇ ಹಲ್ಲು?"

ಹಲ್ಲಣ್ಣ ಕಸದ ಡಬ್ಬಿ ಕಡೆ ನೋಡಿದ. ಭಾಮೈದನೂ ನೋಡಿದ.

"ಇನ್ನೊಂದು ಮಾಡ್ಕೊಳ್ಳಿ ಭಾವಾ," ಅಂದ ಭಾಮೈದ ಕೊನೆಗೆ. "ಒಳ್ಳೇದು ಮಾಡೋದು ಕಷ್ಟ, ಕೆಟ್ಟದು ಮಾಡೋದೇನು ಕಷ್ಟ?"

ಅದೇ ನೋಡಿ ಎಡವಟ್ಟು. ಅವತ್ತು ಸಂಜೆ ಹಲ್ಲಣ್ಣ ಕೆಟ್ಟ ಹಲ್ಲು ಮಾಡೋಕೆ ಕೂತ. ಬೇಕಂತಲೇ ಸಂದಿ ಬಿಟ್ಟ. ಸಾಣೆ ಮುಂದೆ ಕೂತು ಒಂದು ನಿಮಿಷ ಕಣ್ಣು ಎಳೀತು. ಎಚ್ಚರ ಆದಾಗ ಕೈ ಆ ಸಂದಿ ಮುಚ್ಚಿ ನುಣ್ಣಗೆ ಮಾಡಿಟ್ಟಿತ್ತು. ಇನ್ನೊಂದು ಮಾಡಿದ, ಸೊಟ್ಟಗೆ. ಕೈ ಆ ಸೊಟ್ಟಾನೂ ತಿದ್ದಿಬಿಡ್ತು. ಮತ್ತೊಂದನ್ನ ಕಣ್ಣು ಮುಚ್ಕೊಂಡು ಮಾಡಿದ, ಅದು ಎಲ್ಲಕ್ಕಿಂತ ಚೆನ್ನಾಗಿ ಬಂತು. ಅಷ್ಟು ವರ್ಷ ಕಲಿತ ಕೈ, ಎಮ್ಮೆ ಮನೆ ದಾರಿ ಹಿಡಿದ ಹಾಗೆ ತನ್ನ ದಾರಿಗೇ ಹೋಗೋದು. ಭಾನುವಾರದ ಹಿಂದಿನ ದಿನದ ಹೊತ್ತಿಗೆ ಬೆಂಚು ತುಂಬ ಚಂದ ಚಂದದ ಕೋರೆ ಹಲ್ಲು, ಒಂದು ಪಿಶಾಚಿ ವಂಶಕ್ಕೇ ಸಾಲೋವಷ್ಟು.

ಮಧ್ಯಾಹ್ನ ಡಬ್ಬಿ ತಂದ ಹೆಂಡತಿ ಅದನ್ನೆಲ್ಲ ನೋಡಿ ಸೊಂಟಕ್ಕೆ ಕೈ ಇಟ್ಲು.

"ಹಲ್ಲು ಬೇಡ ಬಿಡು," ಅಂದ ಹಲ್ಲಣ್ಣ. "ಬಾಯಲ್ಲೇ ಹೊಡೀತೀನಿ." ತುಟಿ ಚೂಪು ಮಾಡಿ, "ಸ್ವಲ್ಪ ರಕ್ತ ಸಿಗತ್ತಾ?" ಅಂತ ಸುಯ್ಗುಟ್ಟಿದ.

ಅವಳು ನಗ್ಲಿಲ್ಲ. ಹಲ್ಲು ಪಕ್ಕಕ್ಕೆ ಸರಿಸಿ ಡಬ್ಬಿ ಇಟ್ಲು.

"ನೀವು ಕೇಳಿದ್ರಲ್ಲ ನಾನೇನಂತೀನಿ ಅಂತ. ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಬೇಕಂತ ಎಡವಿ ಬೀಳೋನ್ನ ನೋಡಿದ್ರೆ ನಗು ಬರಲ್ಲ, ಕನಿಕರ ಬರತ್ತೆ. ಮೊದಲನೇ ಸಿನಿಮಾದಲ್ಲಿ ನೀವು ಬೀಳಬಾರದು ಬೀಳಬಾರದು ಅಂತ ಒದ್ದಾಡಿ ಬೀಳ್ತಿದ್ರಿ. ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕಿದ್ದೆ ನಾನು. ಅಡುಗೆಮನೇಲಿ, ಒಬ್ಬಳೇ. ನಿಮ್ಮೆದುರಿಗೆ ನಕ್ರೆ ಮುಖ ಸಣ್ಣ ಮಾಡ್ಕೋತೀರಿ ಅಂತ ಸುಮ್ಮನಿದ್ದೆ. ಎರಡನೇದರಲ್ಲಿ ನೀವು ಬೀಳೋದೇ ಇಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಗೆ ನಿಂತಿರ್ತೀರಿ."

ಹಲ್ಲಣ್ಣ ಬೆಂಚಿನಿಂದ ಒಂದು ಕೋರೆ ಎತ್ಕೊಂಡು ಸಾಣೆ ಕಡೆ ತಿರುಗಿದ.

"ನಿಮ್ಮ ಬಾಯಿಗೆ ನೀವು ಗೆಲ್ಲೋಕಾಗದೆ ಇರೋ ಹಲ್ಲು ಬೇಕು," ಅಂದ್ಲು. "ಅದು ನಿಮ್ಮ ಕೈಲಾಗಲ್ಲ. ಏಳಿ ಸ್ಟೂಲಿಂದ."

"ಏಯ್, ಇದೇನು ಕರ್ಟನ್ ಹೊಲಿಗೆನಾ?"

"ಕರ್ಟನ್ ಹೊಲಿಯೋಕೂ ಬರದೆ ಇದ್ದೋಳೇ ಕಲಿತಿದ್ದು. ಪುಡಿ ಯಾವುದು, ನೀರು ಯಾವುದು, ಅಷ್ಟು ಹೇಳಿ ಬಾಯಿ ಮುಚ್ಕೊಳ್ಳಿ. ಅಲ್ಲ, ಬಾಯಿ ತೆಗೆದಿಡಿ."

ಅವಳು ಕಲಸಿದ ಪರಿ ನೋಡಬೇಕಿತ್ತು! ನೀರು ಜಾಸ್ತಿ ಆಯ್ತು, ಪುಡಿ ಸುರಿದ್ಲು. ಪುಡಿ ಜಾಸ್ತಿ ಆಯ್ತು, ನೀರು ಸುರಿದ್ಲು. ಹೊಲಿಗೆ ಅಳತೆ ಟೇಪಲ್ಲಿ ಅವನ ಹಲ್ಲು ಅಳೆದ್ಲು. ಕತ್ತರೀಲಿ ಕತ್ತರಿಸಿದ್ಲು. ಒಂದು ಕೋರೆ ಉದ್ದ, ಒಂದು ಕೋರೆ ಗಿಡ್ಡ. "ಮಡಚಿ ಹೊಲಿಯೋಕೆ ಸ್ವಲ್ಪ ಜಾಸ್ತಿ ಬಿಟ್ಟಿದೀನಿ," ಅಂದ್ಲು. ಹಲ್ಲಣ್ಣನ ಕೈ ತುರಿಸೋದು, ತಾನಾಗಿ ಮುಂದೆ ಹೋಗೋದು. ಅವಳು ಫಟ್ ಅಂತ ಹೊಡೆಯೋಳು. ಕೊನೆಗೆ ಎರಡೂ ಕೈನ ತೊಡೆ ಕೆಳಗೆ ಇಟ್ಕೊಂಡು ಕೂತ, ಮೇಷ್ಟ್ರ ಮುಂದೆ ಕೂತ ಮಗು ಹಾಗೆ. ಅವಳ ಉಸಿರು ಅವನ ಮುಖದ ಮೇಲೆ, ಅವಳ ಹೆಬ್ಬೆರಳು ಅವನ ದವಡೆ ಮೇಲೆ. ಕಿಟಕಿ ಬಿಸಿಲಲ್ಲಿ ಅವಳ ಕೂದಲಿಗೆಲ್ಲ ಪ್ಲಾಸ್ಟರ್ ಧೂಳು ಕೂತು, ಇಬ್ಬರೂ ಇನ್ನೂ ಬಹಳ ಮುದುಕರಾಗಿ ಹೋದ ಮೇಲಿನ ಯಾವುದೋ ಒಂದು ಮಧ್ಯಾಹ್ನದ ಹಾಗೆ ಕಾಣ್ತಿತ್ತು. ಅವನ ಬಾಯಿನ ಅಷ್ಟು ಹೊತ್ತು ಯಾರೂ ನೋಡಿರ್ಲಿಲ್ಲ. ಜೀವಮಾನ ಪೂರ್ತಿ ಅವನೇ ಬೇರೆಯೋರ ಬಾಯಿ ನೋಡಿದ್ದು.

ಭಾನುವಾರ ಹಾಸಿಗೆ ಅಂಗಡಿ. ಷಟರ್ ಅರ್ಧ ಇಳಿಸಿದ್ರು. ಬೀದಿ ಬಿಸಿಲು ನೆಲದ ಮೇಲೆ ಒಂದು ಪಟ್ಟಿ ಹಾಗೆ ಬಿದ್ದಿತ್ತು, ಮೇಲೆಲ್ಲ ತಂಪು ಕತ್ತಲೆ. ಹಾಸಿಗೆಗಳು ಒಂದರ ಮೇಲೊಂದು ಮಾಡು ಮುಟ್ಟೋವರೆಗೂ, ಬಿಳಿ ಬಿಳಿ, ಮೋಡ ತಂದು ಗೋದಾಮಲ್ಲಿ ಪೇರಿಸಿಟ್ಟ ಹಾಗೆ. ಸದ್ದೆಲ್ಲ ಅದರೊಳಗೆ ಇಂಗಿ ಹೋಗೋದು. ಕಾಲಿಟ್ರೆ ಹೆಜ್ಜೆ ಕೇಳಲ್ಲ. ಒಂದು ಹಾಸಿಗೆ ಬಿಚ್ಚಿ ಹತ್ತಿ ಹೊರಗೆಳೆದಿದ್ರು, ನೆಲದ ಮೇಲೆ ಮಂಜು ಬಿದ್ದ ಹಾಗೆ ಕಾಣ್ಲಿ ಅಂತ ಭಾಮೈದನ ತಲೆ. ಎದುರಿಗೆ ಸಾಹುಕಾರ, ಅವನ ಅಂಗಡಿ ಆಳುಗಳು, ಸಾಹುಕಾರನ ಹೆಂಡತಿ. ಅಳಿಯ ಒಂದು ಕಂಬಕ್ಕೆ ಒರಗಿ ಮೊಬೈಲಲ್ಲಿ ತನ್ನ ಮುಖಾನೇ ನೋಡ್ಕೊಳ್ತಾ ನಿಂತಿದ್ದ.

"ಬೇಗ ಮುಗಿಸಪ್ಪ," ಅಂದ ಸಾಹುಕಾರ. "ನಂಗೆ ಮಧ್ಯಾಹ್ನ ನಿದ್ದೆ ಹೊತ್ತು. ಈ ಅಂಗಡೀಲಿ ಎಚ್ಚರವಾಗಿರೋದೇ ಒಂದು ಸಾಹಸ."

ಭಾಮೈದ ಲೆನ್ಸಿಗೆ ನೀಲಿ ಗಾಜು ಹಿಡಿದ. ಹಲ್ಲಣ್ಣ ಎರಡು ಹಾಸಿಗೆ ಗುಡ್ಡೆ ಮಧ್ಯದಿಂದ ಬಂದ. ಗೌನು ಹತ್ತಿ ಮೇಲೆ ಸರಿದ್ರೆ ಸದ್ದೇ ಇಲ್ಲ, ತೇಲಿ ಬಂದ ಹಾಗೆ. ಕೈ ಎತ್ತಿದ. ಬಾಯಿ ತೆಗೆದ.

ಸೀಟಿ ಬರ್ಲಿಲ್ಲ.

ಹೆಂಡತಿ ಮಾಡಿದ ಹಲ್ಲಿಗೆ ಅದರದೇ ಒಂದು ಹಟ ಇತ್ತು. ಮೇಲಿಂದ ಜಾರ್ತಾ ಇತ್ತು. ಅದನ್ನ ನಾಲಿಗೇಲಿ ಒತ್ತಿ ಹಿಡೀಬೇಕು, ಹಿಡಿದ್ರೆ ಮಾತು ಹೊರಡಲ್ಲ. ಮಾತಾಡಬೇಕು ಅಂದ್ರೆ ಮೆತ್ತಗೆ, ಒಂದೊಂದೇ ಅಕ್ಷರ, ಉಸಿರಲ್ಲಿ ಸುತ್ತಿ ಬಿಡಬೇಕು. ಹಲ್ಲಣ್ಣ ಒದ್ದಾಡಿದ. ನಿಜವಾಗ್ಲೂ ಒದ್ದಾಡಿದ, ಹಣೆ ಮೇಲೆ ಬೆವರು ಬಂತು. "ಸ್ವ...ಲ್ಪ..." ಅಂತ ಎಲ್ಲೋ ಬಾವಿಯೊಳಗಿಂದ ಬಂದ ಹಾಗೆ ಬಂತು. "...ರಕ್ತ..." ಸಾಹುಕಾರನ ಹೆಂಡತಿ ಸೆರಗು ಎಳ್ಕೊಂಡು ಕತ್ತು ಮುಚ್ಕೊಂಡ್ಲು. ಒಬ್ಬ ಆಳು ಹಿಂದೆ ಸರಿದ. ಅಳಿಯ ಮೊಬೈಲಿಂದ ತಲೆ ಎತ್ತಿದ. ಹಲ್ಲಣ್ಣನ ಕಾಲು ನೆಲಕ್ಕೆ ತಾಗ್ತಿರ್ಲಿಲ್ಲ, ಬಿಳೀ ಗುಡ್ಡೆಗಳೆಲ್ಲ ಮೆತ್ತಗೆ ತೂಗ್ತಾ ಇದ್ವು, ಎಲ್ಲರ ಕಣ್ಣೂ ಅವನ ಬಾಯಿ ಮೇಲೇ.

"...ಸಿಗ..."

ಪುಸಕ್ಕಂತ ಹಲ್ಲು ಬಾಯಿಂದ ಹಾರಿ, ಬಿಸಿಲಿನ ಪಟ್ಟೀಲಿ ಒಂದು ಸಲ ಮಿಂಚಿ, ಹತ್ತಿ ಗುಡ್ಡೆಯೊಳಗೆ ಬಿದ್ದು ಮಾಯ ಆಯ್ತು.

ಹಲ್ಲಣ್ಣನಿಗೆ ಟೆಸ್ಟು ಮರೆತು ಹೋಯ್ತು, ಸಾಹುಕಾರ ಮರೆತು ಹೋದ. ಅದು ಹೆಂಡತಿ ಮಾಡಿದ ಹಲ್ಲು! ಗೌನು ಎತ್ತಿ ಕಟ್ಕೊಂಡು, ಮಂಡಿಯೂರಿ, ಹತ್ತಿ ಕೆದರೋಕೆ ಶುರು ಮಾಡಿದ. ಹತ್ತಿ ಮೂಗಿಗೆ ಹೋಗಿ ಸೀನಿದ. ಗೌನು ತಲೆ ಮೇಲೆ ಮಗುಚ್ಕೊಂಡು ಒಳಗಿಂದ ದಾರಿ ಕಾಣದೆ ಒಂದು ಸುತ್ತು ಸುತ್ತಿದ. ಮೊದಲು ಯಾರೋ ಒಬ್ರು ನಕ್ರು. ಷಟರ್ ಹತ್ರ ನಿಂತಿದ್ದ ಹೆಂಡತಿ, ಬಾಯಿಗೆ ಕೈ ಅಡ್ಡ ಇಡದೆ, ಎಲ್ಲರೆದುರಿಗೆ. ಆಮೇಲೆ ಆಳುಗಳು. ಸಾಹುಕಾರನ ಹೆಂಡತಿ ಪಕ್ಕದ ದಿಂಬು ತಬ್ಕೊಂಡು ನಕ್ಲು. ಭಾಮೈದ ನಗು ತಡ್ಕೊಳ್ಳೋಕೆ ತುಟಿ ಕಚ್ಕೊಂಡಿದ್ದ, ಕ್ಯಾಮೆರಾ ಮಾತ್ರ ಅಲ್ಲಾಡಿಸ್ಲಿಲ್ಲ.

ಹಲ್ಲಣ್ಣ ಗೌನಿನಿಂದ ತಲೆ ಹೊರಗೆ ಹಾಕಿದ. ಹುಬ್ಬಿನ ಮೇಲೆಲ್ಲ ಹತ್ತಿ. ಎಲ್ಲರೂ ನಗ್ತಿರೋದು ಕಾಣ್ತು. ಬಸ್ಸಲ್ಲಿ ಆದ ಹಾಗೆ ತಲೆ ತಗ್ಗಿಸೋಣ ಅನ್ನಿಸ್ಲಿಲ್ಲ. ತಗ್ಗಿಸೋಕೆ ಪುರುಸೊತ್ತೇ ಇರ್ಲಿಲ್ಲ, ಅಳಿಯ ಇನ್ನೂ ಹತ್ತಿರದಿಂದ ನೋಡೋಣ ಅಂತ ಮುಂದೆ ಬರ್ತಿದ್ದ, ಹತ್ತಿ ಮೇಲೇ ಕಾಲಿಡ್ತಿದ್ದ.

"ಯಾರೂ ಅಲ್ಲಾಡಬೇಡಿ!" ಅಂತ ಕೂಗಿದ ಹಲ್ಲಣ್ಣ. "ತುಳಿದ್ರೆ ಮುರಿದು ಹೋಗತ್ತೆ!"

ಆಳುಗಳು ನಗ್ತಿದ್ದ ಬಾಯಿ ಹಾಗೇ ಬಿಟ್ಕೊಂಡು ನಿಂತ್ರು. ಅಳಿಯ ಮಾತ್ರ ಎತ್ತಿದ ಕಾಲು ಇಳಿಸೋಕೆ ನೋಡಿದ.

"ಏನಯ್ಯಾ," ಅಂದ ಸಾಹುಕಾರ ಕಣ್ಣೊರೆಸ್ಕೊಳ್ತಾ, ಅಳಿಯನ ತೋಳು ಹಿಡಿದು. "ಪಿಶಾಚಿಯವರು ಅಲ್ಲಾಡಬೇಡಿ ಅಂದ್ರು ಕೇಳಿಸ್ಲಿಲ್ವಾ? ನಿಂತ್ಕೋ ಹಾಗೇ."

ಅಳಿಯ ಒಂಟಿಕಾಲಲ್ಲಿ ನಿಂತ್ಕೊಂಡ. ಹಲ್ಲಣ್ಣ ಮತ್ತೆ ಹತ್ತಿಯೊಳಗೆ ಕೈ ಹಾಕಿದ, ಮೊಣಕೈವರೆಗೂ, ಮೆತ್ತಗೆ.